ದಣಿವಿಗೊಂದು ಅಳತೆಗೋಲು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ತುಮಕೂರು ಜಿಲ್ಲೆಯ ಬಡಗಣ ಭಾಗದ ಈ ನಾಲ್ಕು ತಾಲ್ಲೂಕುಗಳಲ್ಲಿ ವೈದ್ಯರ ಮುಂದೆ ಕುಳಿತವರು ಹೇಳಿಕೊಳ್ಳುವ ದೂರುಗಳ ಪೈಕಿ ಸುಸ್ತು ತೀರ ಪರಿಚಿತವಾದದ್ದು. ಕೈಕಾಲಲ್ಲಿ ಜೀವವೇ ಇಲ್ಲ, ರಾತ್ರಿಯೆಲ್ಲ ಮಲಗಿ ಎದ್ದರೂ ಮೈ ಹಗುರವಾಗುವುದಿಲ್ಲ, ಸ್ವಲ್ಪ ಹೊತ್ತು ನಿಂತರೆ ಕಣ್ಣು ಕತ್ತಲಿಡುತ್ತದೆ, ಹೇಳಬೇಕೆಂದುಕೊಂಡ ಮಾತು ಬಾಯಿಗೆ ಬರುವುದಿಲ್ಲ. ಇಂಥ ಮಾತು ಕೇಳಿ ಕೇಳಿ ಅಭ್ಯಾಸವಾಗಿರುವುದರಿಂದ ಉತ್ತರವೂ ಅಭ್ಯಾಸದ್ದೇ ಆಗಿಬಿಟ್ಟಿದೆ: ಕಬ್ಬಿಣಾಂಶದ ಮಾತ್ರೆ, ಒಂದು ಟಾನಿಕ್, ದುಡ್ಡಿದ್ದವರಿಗೆ ಒಂದು ಬಾಟಲಿ ಗ್ಲೂಕೋಸ್. ಈ ಸುಸ್ತುಗಳಲ್ಲಿ ಬಹುಪಾಲಿಗೆ ಕಂಡುಹಿಡಿಯಬಹುದಾದ ಕಾರಣವಿರುತ್ತದೆ. ಒಂದು ಸಣ್ಣ ಪಾಲಿಗೆ ಸಾಮಾನ್ಯ ಪರೀಕ್ಷೆಗಳಲ್ಲಿ ಯಾವ ಕಾರಣವೂ ಸಿಗುವುದಿಲ್ಲ. ಆ ಸಣ್ಣ ಪಾಲನ್ನು ಗುರುತಿಸಿ ಅದಕ್ಕೊಂದು ಮಾನದಂಡ ಕಟ್ಟಲು ಜಗತ್ತಿನ ವೈದ್ಯಶಾಸ್ತ್ರ ಎಂಟು ದಶಕಗಳಿಗೂ ಹೆಚ್ಚು ಕಾಲ ತಡಕಾಡಿದೆ. ಆ ತಡಕಾಟದಿಂದ ಕಲಿಯಬೇಕಾದ ಪಾಠ ಒಂದಿದೆ ಎಂಬುದು ಈ ಅಧ್ಯಾಯದ ವಾದ. ದೀರ್ಘಕಾಲದ ದಣಿವಿನ ರೋಗದ ಮಾನದಂಡಕ್ಕೆ ಎರಡು ಭಾಗಗಳಿವೆ. ಏನನ್ನು ಕಾಣಬೇಕು ಎಂಬ ಭಾಗ ಎಲ್ಲ ದೇಶಕ್ಕೂ ಒಂದೇ. ಏನನ್ನು ಮೊದಲು ಪರೀಕ್ಷಿಸಿ ಬದಿಗಿಡಬೇಕು ಎಂಬ ಭಾಗವನ್ನು ಮಾತ್ರ ಆಯಾ ನೆಲದ ನೀರು, ರಕ್ತ, ದನಕುರಿ ಮತ್ತು ಜ್ವರಗಳನ್ನು ನೋಡಿಯೇ ಬರೆಯಬೇಕು.

ಮಾನದಂಡವೆಂದರೇನು ಎಂಬುದನ್ನು ಮೊದಲು ಸ್ಪಷ್ಟಮಾಡಿಕೊಳ್ಳೋಣ. ಮಲೇರಿಯಾಕ್ಕೆ ಮಾನದಂಡದ ಪಟ್ಟಿ ಬೇಕಿಲ್ಲ, ರಕ್ತದ ಲೇಪದಲ್ಲಿ ಪರಾವಲಂಬಿ ಕಂಡರೆ ಸಾಕು. ಒಂದೇ ಒಂದು ಪರೀಕ್ಷೆಯಿಂದ ತೀರ್ಮಾನಿಸಲಾಗದ ರೋಗಗಳಿಗೆ ಲಕ್ಷಣಗಳ ಒಂದು ಒಪ್ಪಂದ ಬೇಕಾಗುತ್ತದೆ. 1944ರಲ್ಲಿ ಅಮೆರಿಕದ ವೈದ್ಯ ಡಕೆಟ್ ಜೋನ್ಸ್ ಸಂಧಿವಾತ ಜ್ವರಕ್ಕೆ ಇಂಥದೊಂದು ಪಟ್ಟಿ ಮಾಡಿದರು. ಕೀಲಿನಿಂದ ಕೀಲಿಗೆ ಸರಿಯುವ ಊತ, ಹೃದಯದ ಉರಿಯೂತ, ಕೈಕಾಲುಗಳ ಅನೈಚ್ಛಿಕ ಚಲನೆ ಮೊದಲಾದ ದೊಡ್ಡ ಲಕ್ಷಣಗಳು ಮತ್ತು ಜ್ವರದಂಥ ಸಣ್ಣ ಲಕ್ಷಣಗಳನ್ನು ಕೂಡಿಸಿ ರೋಗವನ್ನು ತೀರ್ಮಾನಿಸುವ ಆ ಕ್ರಮ ಹಲವು ಬಾರಿ ತಿದ್ದುಪಡಿಯಾಗಿ ಇಂದಿಗೂ ಬಳಕೆಯಲ್ಲಿದೆ. ನಮ್ಮ ದೇಶದ ಎಷ್ಟೋ ಮಕ್ಕಳ ಹೃದಯದ ಕವಾಟಗಳನ್ನು ಅದು ಉಳಿಸಿದೆ. ಆದ್ದರಿಂದ, ರಕ್ತಪರೀಕ್ಷೆಯಲ್ಲಿ ಸಿಗದ ರೋಗ ರೋಗವೇ ಅಲ್ಲ ಎಂಬ ಆಕ್ಷೇಪಕ್ಕೆ ವೈದ್ಯಶಾಸ್ತ್ರದ ಚರಿತ್ರೆಯೇ ಉತ್ತರ ಕೊಡುತ್ತದೆ. ಲಕ್ಷಣಗಳಿಂದ ಕಟ್ಟಿದ ಮಾನದಂಡವೂ ವಿಜ್ಞಾನವೇ. ಅದು ಒಂದೇ ಬಗೆಯ ರೋಗಿಗಳನ್ನು ಒಟ್ಟಿಗೆ ತರುತ್ತದೆಯೇ, ಬೇರೆ ಬಗೆಯವರನ್ನು ಹೊರಗಿಡುತ್ತದೆಯೇ ಎಂದು ಪರೀಕ್ಷಿಸಬಹುದು. ಸೋತರೆ ತಿದ್ದಬಹುದು.

ದಣಿವಿನ ವಿಷಯದಲ್ಲಿ ಈ ಕೆಲಸ ಬಹಳ ತಡವಾಗಿ ಶುರುವಾಯಿತು. 1869ರಲ್ಲಿ ನ್ಯೂಯಾರ್ಕಿನ ಜಾರ್ಜ್ ಬಿಯರ್ಡ್, ನರಗಳ ಶಕ್ತಿ ಬತ್ತಿಹೋಗುವ ಕಾಯಿಲೆ ಎಂಬರ್ಥದಲ್ಲಿ ನ್ಯೂರಸ್ತೇನಿಯಾ ಎಂಬ ಹೆಸರನ್ನು ಪ್ರಚಾರಕ್ಕೆ ತಂದರು. ತಲೆನೋವು, ಅಜೀರ್ಣ, ನಿದ್ರಾಹೀನತೆ, ಆತಂಕ ಎಲ್ಲವನ್ನೂ ಅದು ಒಳಗೆ ಎಳೆದುಕೊಂಡಿತು. ಎಲ್ಲವನ್ನೂ ಒಳಗೊಂಡ ಹೆಸರು ಯಾವುದನ್ನೂ ವಿವರಿಸಲಿಲ್ಲ. ನಂತರ ಬಂದವು ಗುಂಪು ಗುಂಪಾಗಿ ಜನ ಹಾಸಿಗೆ ಹಿಡಿದ ಪ್ರಕರಣಗಳು. 1934ರಲ್ಲಿ ಲಾಸ್ ಏಂಜಲೀಸ್ ಕೌಂಟಿ ಜನರಲ್ ಆಸ್ಪತ್ರೆಯಲ್ಲಿ 198 ಸಿಬ್ಬಂದಿ ಪೋಲಿಯೊ ಹೋಲುವ, ಆದರೆ ಪೋಲಿಯೊದ ಕಾಯಂ ಪಾರ್ಶ್ವವಾಯು ಇಲ್ಲದ ಕಾಯಿಲೆಗೆ ತುತ್ತಾದರು. 1948ರಲ್ಲಿ ಐಸ್‌ಲ್ಯಾಂಡಿನ ಅಕುರೇರಿ ಪಟ್ಟಣದಲ್ಲಿ ಅಂಥದ್ದೇ ಆಯಿತು. 1955ರ ಬೇಸಗೆಯಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ 292 ಸಿಬ್ಬಂದಿ ಹೀಗೆ ಬಿದ್ದರು. ಜುಲೈ 25ರಿಂದ ಅಕ್ಟೋಬರ್ 5ರವರೆಗೆ ಆಸ್ಪತ್ರೆಯನ್ನೇ ಮುಚ್ಚಬೇಕಾಯಿತು. ಸ್ನಾಯುನೋವು, ತಲೆನೋವು, ಮರೆವು, ಸ್ವಲ್ಪ ಶ್ರಮಕ್ಕೇ ಕುಸಿಯುವ ಮೈ ಇವರಲ್ಲಿ ಹಲವರನ್ನು ತಿಂಗಳುಗಟ್ಟಲೆ ಬಿಡಲಿಲ್ಲ. 1956ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಇದಕ್ಕೆ ಮಯಾಲ್ಜಿಕ್ ಎನ್‌ಸೆಫಲೊಮೈಲೈಟಿಸ್ ಎಂಬ ಹೆಸರನ್ನು ಸೂಚಿಸಿತು. 1969ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ನರಮಂಡಲದ ರೋಗಗಳ ಸಾಲಿಗೆ ಸೇರಿಸಿತು.

ಮರುವರ್ಷವೇ ಪೆಟ್ಟು ಬಿತ್ತು. 1970ರಲ್ಲಿ ಮೆಕ್‌ಎವಿಡಿ ಮತ್ತು ಬಿಯರ್ಡ್ ಎಂಬ ಇಬ್ಬರು ಬ್ರಿಟಿಷ್ ಮನೋವೈದ್ಯರು, ರಾಯಲ್ ಫ್ರೀ ಪ್ರಕರಣ ಸಾಮೂಹಿಕ ಉನ್ಮಾದವಾಗಿತ್ತು ಎಂದು ಬರೆದರು. ಅವರು ರೋಗಿಗಳನ್ನು ಪರೀಕ್ಷಿಸಿರಲಿಲ್ಲ, ಹಳೆಯ ಕಡತಗಳನ್ನು ಓದಿದ್ದರು. ಬಾಧಿತರಲ್ಲಿ ಹೆಂಗಸರೇ ಹೆಚ್ಚು ಎಂಬುದು ಅವರ ಮುಖ್ಯ ಆಧಾರಗಳಲ್ಲಿ ಒಂದು. ಈ ಪ್ರಸಂಗವನ್ನು ಮರೆಯಬಾರದು. ಸ್ಪಷ್ಟ ಮಾನದಂಡ ಇಲ್ಲದ ಕಡೆ ಖಾಲಿ ಉಳಿದ ಜಾಗವನ್ನು ಪೂರ್ವಗ್ರಹ ತುಂಬುತ್ತದೆ. ಸುಸ್ತು ಎಂದವಳು ಹೆಂಗಸಾದರೆ ಚಿಂತೆ ಎನ್ನುವುದು, ಬಡವಳಾದರೆ ಊಟ ಸಾಲದು ಎನ್ನುವುದು, ಇದ್ದವಳಾದರೆ ಸೋಮಾರಿತನ ಎನ್ನುವುದು ಲಂಡನ್ನಿಗಷ್ಟೇ ಸೇರಿದ ಚಾಳಿಯಲ್ಲ. ಈ ಮೂರೂ ಉತ್ತರಗಳು ಕೆಲವೊಮ್ಮೆ ನಿಜವೂ ಆಗಬಹುದು. ಪರೀಕ್ಷೆ ಮಾಡದೆ ಹೇಳಿದಾಗ ಮಾತ್ರ ಅವು ನಿರ್ಣಯಗಳಾಗುವುದಿಲ್ಲ, ಊಹೆಗಳಾಗಿಯೇ ಉಳಿಯುತ್ತವೆ.

ಮೊದಲ ವಿಧಿವತ್ತಾದ ಮಾನದಂಡ ಬಂದದ್ದು 1988ರಲ್ಲಿ. ಅದಕ್ಕೆ ನಾಲ್ಕು ವರ್ಷ ಹಿಂದೆ ಅಮೆರಿಕದ ನೆವಾಡಾ ರಾಜ್ಯದ ಇನ್‌ಕ್ಲೈನ್ ವಿಲೇಜ್ ಎಂಬ ಊರಿನಲ್ಲಿ ಜ್ವರದಂಥ ಕಾಯಿಲೆಯ ನಂತರ ಏಳಲಾರದೆ ಹೋದವರ ಸಂಖ್ಯೆ ಏರತೊಡಗಿತ್ತು. ಎಪ್‌ಸ್ಟೈನ್-ಬಾರ್ ವೈರಾಣು ಕಾರಣವಿರಬೇಕೆಂಬ ಗುಮಾನಿ ಹುಟ್ಟಿ, ಸಾಕ್ಷ್ಯ ಸಾಲದೆ ಬಿದ್ದುಹೋಯಿತು. ಕಾರಣ ಗೊತ್ತಿಲ್ಲದಿದ್ದರೂ ಸಂಶೋಧನೆಗೆ ರೋಗಿಗಳನ್ನು ಆಯಲೇಬೇಕಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಹೋಮ್ಸ್ ಮತ್ತು ಸಂಗಡಿಗರು ಕ್ರಾನಿಕ್ ಫಟೀಗ್ ಸಿಂಡ್ರೋಮ್ ಎಂಬ ಹೆಸರಿನೊಂದಿಗೆ ಒಂದು ಲೆಕ್ಕಾಚಾರ ಕೊಟ್ಟರು. ಆರು ತಿಂಗಳಿಂದ ದಣಿವಿರಬೇಕು, ದಿನನಿತ್ಯದ ಚಟುವಟಿಕೆ ಅರ್ಧಕ್ಕಿಂತ ಕೆಳಗಿಳಿದಿರಬೇಕು, ಬೇರೆ ರೋಗಗಳಿಲ್ಲವೆಂದು ಖಾತ್ರಿಯಾಗಿರಬೇಕು. ಇವುಗಳ ಜೊತೆಗೆ 11 ಲಕ್ಷಣಗಳಲ್ಲಿ 8, ಅಥವಾ 6 ಲಕ್ಷಣಗಳೊಡನೆ ವೈದ್ಯರೇ ಕಂಡ 3 ಚಿಹ್ನೆಗಳಲ್ಲಿ 2 ಇರಬೇಕು. ಇದು ಪ್ರಾಮಾಣಿಕ ಪ್ರಯತ್ನ. ದೋಷವೂ ಬೇಗ ಬಯಲಾಯಿತು. ಲಕ್ಷಣಗಳು ಹೆಚ್ಚಿದಷ್ಟೂ ರೋಗ ಖಚಿತ ಎಂಬ ಎಣಿಕೆಯ ತರ್ಕವನ್ನು ಅದು ನೆಚ್ಚಿತ್ತು. ಮೈಯ ಹಲವೆಡೆ ಹಲವು ತೊಂದರೆಗಳನ್ನು ಹೇಳುವವರಲ್ಲಿ ಖಿನ್ನತೆ, ಆತಂಕ ಇರುವವರೂ ಬಹಳ. ಲಕ್ಷಣಗಳ ಸಂಖ್ಯೆಯನ್ನು ಏರಿಸಿದಂತೆ ಹುಡುಕುತ್ತಿದ್ದ ರೋಗದ ಬದಲು ಅವರೇ ಹೆಚ್ಚು ಹೆಚ್ಚಾಗಿ ಒಳಗೆ ಬರತೊಡಗಿದರು.

ಅಲ್ಲಿಂದ ಮಾನದಂಡ ಸಡಿಲವಾಗುತ್ತ ಹೋಯಿತು. 1991ರ ಆಕ್ಸ್‌ಫರ್ಡ್ ಮಾನದಂಡಕ್ಕೆ ಆರು ತಿಂಗಳ ತೀವ್ರ ದಣಿವೇ ಮುಖ್ಯ ಲಕ್ಷಣವಾಗಿದ್ದರೆ ಸಾಕಾಗಿತ್ತು. 1994ರಲ್ಲಿ ಫುಕುಡಾ ಮತ್ತು ಸಂಗಡಿಗರು ಕೊಟ್ಟ ಮಾನದಂಡ ಜಗತ್ತಿನಲ್ಲೇ ಅತಿ ಹೆಚ್ಚು ಬಳಕೆಯಾಯಿತು. ಆರು ತಿಂಗಳ ದಣಿವಿನ ಜೊತೆಗೆ ಎಂಟು ಲಕ್ಷಣಗಳಲ್ಲಿ ಯಾವುವಾದರೂ ನಾಲ್ಕು ಇರಬೇಕೆಂಬುದು ಅದರ ನಿಯಮ: ನೆನಪು ಅಥವಾ ಏಕಾಗ್ರತೆಯ ಕೊರತೆ, ಗಂಟಲುನೋವು, ಕತ್ತು ಅಥವಾ ಕಂಕುಳಲ್ಲಿ ನೋಯುವ ಗಂಟು, ಸ್ನಾಯುನೋವು, ಹಲವು ಕೀಲುಗಳ ನೋವು, ಹೊಸ ಬಗೆಯ ತಲೆನೋವು, ಚೈತನ್ಯ ಕೊಡದ ನಿದ್ದೆ, ಶ್ರಮದ ನಂತರ ಒಂದು ದಿನಕ್ಕೂ ಹೆಚ್ಚು ಕಾಲ ಉಳಿಯುವ ಬಳಲಿಕೆ. ಈ ನಿಯಮದ ಗಣಿತವನ್ನು ಸ್ವಲ್ಪ ನೋಡಿ. ಒಬ್ಬರಿಗೆ ಮೊದಲ ನಾಲ್ಕು, ಇನ್ನೊಬ್ಬರಿಗೆ ಕೊನೆಯ ನಾಲ್ಕು ಇದ್ದರೆ, ದಣಿವೊಂದನ್ನು ಬಿಟ್ಟು ಬೇರಾವ ಲಕ್ಷಣವನ್ನೂ ಹಂಚಿಕೊಳ್ಳದ ಇಬ್ಬರಿಗೂ ಒಂದೇ ರೋಗದ ಹೆಸರು ಬರುತ್ತದೆ. ಇನ್ನು ಪಾವಗಡದ ಕಡಲೆಕಾಯಿ ಹೊಲದಲ್ಲಿ ದುಡಿಯುವ, ರಕ್ತ ಕಡಿಮೆಯಿರುವ, ಗಡಸು ನೀರು ಕುಡಿಯುವ, ಸಾಲದ ಚಿಂತೆಯಲ್ಲಿರುವ ಮಹಿಳೆಯೊಬ್ಬಳನ್ನು ಊಹಿಸಿಕೊಳ್ಳೋಣ. ತಲೆನೋವು, ಮೈಕೈ ನೋವು, ಕೀಲುನೋವು, ನಿದ್ದೆಗೇಡು ಅವಳಿಗೆ ಇದ್ದೇ ಇರುತ್ತವೆ. ಪಟ್ಟಿಯ ನಾಲ್ಕು ಅಲ್ಲಿಗೆ ತುಂಬಿದವು. ಬೇರೆ ಕಾರಣ ಹುಡುಕುವ ಕೆಲಸ ಆಗದಿದ್ದರೆ ಈ ಮಾನದಂಡ ಅವಳಿಗೆ ಇಲ್ಲದ ರೋಗದ ಹೆಸರು ಕೊಟ್ಟು, ಇರುವ ರೋಗವನ್ನು ಮರೆಮಾಡುತ್ತದೆ.

ಇದು ಬರಿಯ ತರ್ಕದ ಭಯವೆನ್ನುವಂತಿಲ್ಲ. ಫುಕುಡಾ ಮಾನದಂಡ ಹಿಡಿದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಕ್ಯಾನ್ಸಸ್ ರಾಜ್ಯದ ವಿಚಿಟಾದಲ್ಲಿ ನಡೆಸಿದ ಸಮೀಕ್ಷೆ 2003ರಲ್ಲಿ ಪ್ರಕಟವಾದಾಗ ರೋಗದ ಪ್ರಮಾಣ ಶೇ. 0.235 ಇತ್ತು. ಅದೇ ಸಂಸ್ಥೆಯವರು 2005ರಲ್ಲಿ ಪ್ರಶ್ನಾವಳಿಗಳ ಮೂಲಕ ಅಳೆಯುವ ಹೊಸ ವಿಧಾನ ರೂಪಿಸಿ ಜಾರ್ಜಿಯಾ ರಾಜ್ಯದಲ್ಲಿ ಬಳಸಿದಾಗ 2007ರಲ್ಲಿ ಬಂದ ಉತ್ತರ ಶೇ. 2.54, ಅಂದರೆ ಹತ್ತು ಪಟ್ಟಿಗೂ ಹೆಚ್ಚು. ರಾಗಿ ಅದೇ ಇದ್ದು ಜರಡಿಯ ಕಣ್ಣು ದೊಡ್ಡದಾದರೆ ಕಲ್ಲೂ ಕೆಳಗೆ ಬೀಳುತ್ತದೆ. ಮನಶ್ಶಾಸ್ತ್ರಜ್ಞ ಲೆನಾರ್ಡ್ ಜೇಸನ್ ಮತ್ತು ಸಂಗಡಿಗರು ಈ ಹೊಸ ವಿಧಾನವನ್ನು ತೀವ್ರ ಖಿನ್ನತೆ ಮಾತ್ರ ಇದ್ದವರ ಮೇಲೆ ಪ್ರಯೋಗಿಸಿದಾಗ ಅವರಲ್ಲಿ ಶೇ. 38 ಮಂದಿ ತಪ್ಪಾಗಿ ದಣಿವಿನ ರೋಗದವರ ಪಟ್ಟಿಗೆ ಸೇರಿಬಿಟ್ಟರು. ಸಡಿಲ ಮಾನದಂಡ ಅಂಕಿಅಂಶವನ್ನಷ್ಟೇ ಕೆಡಿಸಿ ಸುಮ್ಮನಾಗುವುದಿಲ್ಲ, ಚಿಕಿತ್ಸೆಯ ದಾರಿಯನ್ನೂ ತಪ್ಪಿಸುತ್ತದೆ. 2011ರಲ್ಲಿ ಬ್ರಿಟನ್ನಿನ ಪೇಸ್ ಎಂಬ ಪ್ರಯೋಗ 641 ರೋಗಿಗಳನ್ನು ಆಕ್ಸ್‌ಫರ್ಡ್ ಮಾನದಂಡದಿಂದ ಆರಿಸಿ, ಹಂತಹಂತವಾಗಿ ವ್ಯಾಯಾಮ ಹೆಚ್ಚಿಸುವುದರಿಂದ ಅನುಕೂಲವಿದೆ ಎಂದು ವರದಿ ಮಾಡಿತು. ಬರಿಯ ದಣಿವು ಎಂಬ ಮಾನದಂಡದಿಂದ ಆರಿಸಿದ ಗುಂಪಿನಲ್ಲಿ ಯಾರು ಯಾರು ಇದ್ದರು ಎಂಬ ಪ್ರಶ್ನೆ ಏಳದೆ ಇರಲಿಲ್ಲ. ಕೆಲವೇ ವರ್ಷಗಳಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಕರೆದ ತಜ್ಞರ ಮಂಡಳಿ ಆಕ್ಸ್‌ಫರ್ಡ್ ಮಾನದಂಡದ ಬಳಕೆಯನ್ನು ನಿಲ್ಲಿಸಬೇಕೆಂದು ಹೇಳಿತು.

ತಿರುವು ಬಂದದ್ದು ಎಣಿಕೆಯನ್ನು ಬಿಟ್ಟು ಒಂದು ವಿಶಿಷ್ಟ ಲಕ್ಷಣವನ್ನು ಕಡ್ಡಾಯ ಮಾಡಿದಾಗ. ಅದೇ ಶ್ರಮದ ನಂತರದ ಕುಸಿತ. ಹಿಂದೆ ಸಲೀಸಾಗಿ ಮಾಡುತ್ತಿದ್ದ ಕೆಲಸ ಮಾಡಿದ ಮೇಲೆ, ಹಲವು ಸಲ ಒಂದು ದಿನ, ಎರಡು ದಿನ ತಡವಾಗಿ, ಮಾಡಿದ ಕೆಲಸಕ್ಕೆ ಯಾವ ಪ್ರಮಾಣವೂ ಇಲ್ಲದಷ್ಟು ಎಲ್ಲ ಲಕ್ಷಣಗಳೂ ಉಲ್ಬಣಿಸುತ್ತವೆ. ಚೇತರಿಕೆಗೆ ದಿನಗಳೋ ವಾರಗಳೋ ಬೇಕಾಗುತ್ತವೆ. ಮೈಶ್ರಮವೇ ಆಗಬೇಕಿಲ್ಲ, ಲೆಕ್ಕ ಬರೆಯುವುದು, ಹೊತ್ತುಗಟ್ಟಲೆ ಮಾತಾಡುವುದು ಕೂಡ ಇದನ್ನು ತರಬಹುದು. 2003ರ ಕೆನಡಾ ಮಾನದಂಡ ಇದನ್ನು ಕಡ್ಡಾಯ ಮಾಡಿತು. 2011ರ ಅಂತರರಾಷ್ಟ್ರೀಯ ಮಾನದಂಡ ಆರು ತಿಂಗಳು ಕಾಯುವ ನಿಯಮವನ್ನೂ ಬಿಟ್ಟಿತು. 2015ರಲ್ಲಿ ಅಮೆರಿಕದ ವೈದ್ಯಕೀಯ ಸಂಸ್ಥೆ 9,000ಕ್ಕೂ ಹೆಚ್ಚು ಪ್ರಬಂಧಗಳನ್ನು ಜಾಲಾಡಿ ಸರಳವಾದ ನಿಯಮ ಕೊಟ್ಟಿತು: ಆರು ತಿಂಗಳಿಂದ ಚಟುವಟಿಕೆಯನ್ನು ಕುಗ್ಗಿಸಿದ ಹೊಸ ದಣಿವು, ಶ್ರಮದ ನಂತರದ ಕುಸಿತ, ಚೈತನ್ಯ ಕೊಡದ ನಿದ್ದೆ, ಈ ಮೂರೂ ಇರಲೇಬೇಕು, ಜೊತೆಗೆ ಬುದ್ಧಿಮಂಕು ಅಥವಾ ಎದ್ದು ನಿಂತಾಗ ಹೆಚ್ಚುವ ತೊಂದರೆ, ಇವೆರಡರಲ್ಲಿ ಒಂದಾದರೂ ಇರಬೇಕು. ಅಮೆರಿಕದಲ್ಲಿ ಈ ರೋಗವಿರುವವರಲ್ಲಿ ಶೇ. 84ರಿಂದ 91ರಷ್ಟು ಮಂದಿಗೆ ರೋಗನಿರ್ಣಯವೇ ಆಗಿಲ್ಲ ಎಂಬ ಅಂದಾಜನ್ನೂ ಆ ವರದಿ ಮುಂದಿಟ್ಟಿತು. 2021ರ ಅಕ್ಟೋಬರಿನಲ್ಲಿ ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿಗಳನ್ನು ರೂಪಿಸುವ ನೈಸ್ ಸಂಸ್ಥೆ ಶ್ರಮದ ನಂತರದ ಕುಸಿತವನ್ನು ಕಡ್ಡಾಯಗೊಳಿಸಿ, ಮೂರು ತಿಂಗಳಿಗೇ ರೋಗನಿರ್ಣಯ ಮಾಡಬಹುದೆಂದಿತು. 2007ರಲ್ಲಿ ತಾನೇ ಶಿಫಾರಸು ಮಾಡಿದ್ದ, ಹಂತಹಂತವಾಗಿ ವ್ಯಾಯಾಮ ಏರಿಸುವ ಚಿಕಿತ್ಸೆಯನ್ನು ಕೈಬಿಟ್ಟಿತು. ಮಾನದಂಡದ ಮೊದಲ ಭಾಗ ಹೀಗೆ ಒಂದು ಹದಕ್ಕೆ ಬಂತು.

ಎರಡನೆಯ ಭಾಗ ನಮ್ಮದು. ಈ ಎಲ್ಲ ದಾಖಲೆಗಳೂ ಬೇರೆ ರೋಗಗಳನ್ನು ಪರೀಕ್ಷಿಸಿ ನೋಡಿ ಎನ್ನುತ್ತವೆ. ಆ ಪಟ್ಟಿಗಳು ಸಿದ್ಧವಾದದ್ದು ಕೊಳವೆಬಾವಿಯ ಫ್ಲೋರೈಡ್ ನೀರು ದಿನದ ಮಾತಲ್ಲದ ದೇಶಗಳಲ್ಲಿ. ರಾಮನಗರದಿಂದ ಬಳ್ಳಾರಿಯವರೆಗೆ ಹಾಸಿರುವ ಕ್ಲೋಸ್‌ಪೇಟ್ ಗ್ರಾನೈಟ್ ಪಟ್ಟಿ ಮಧುಗಿರಿ, ಪಾವಗಡಗಳ ನೆಲದಡಿ ಹಾದುಹೋಗುತ್ತದೆ. ಇಂಥ ಶಿಲೆಗಳ ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ಮಳೆ ಕಡಿಮೆ, ಕೆರೆಗಳು ಒಣಗಿ ಕೊಳವೆಬಾವಿ ಆಳಕ್ಕೆ ಇಳಿದಂತೆ ನೀರು ಕಲ್ಲಿನೊಡನೆ ಹೆಚ್ಚು ಕಾಲ ಕಳೆದು ಮೇಲೆ ಬರುತ್ತದೆ. ಸುಣ್ಣದಂಶ ಕಡಿಮೆಯಿದ್ದು ಬೈಕಾರ್ಬೊನೇಟ್ ಹೆಚ್ಚಿರುವ ನೀರಿನಲ್ಲಿ ಫ್ಲೋರೈಡ್ ಕರಗಿಯೇ ಉಳಿಯುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಹಲ್ಲಿನ ಕಂದುಗೆರೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಮೂಳೆಯ ಫ್ಲೋರೋಸಿಸ್ ಅನ್ನು ಭಾರತದಲ್ಲಿ ಮೊದಲು ವಿವರವಾಗಿ ದಾಖಲಿಸಿದವರು 1937ರಲ್ಲಿ ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಕೆಲಸ ಮಾಡಿದ ಶಾರ್ಟ್ ಮತ್ತು ಸಂಗಡಿಗರು. ಬೆನ್ನು ಬಗ್ಗದಂತಾಗುವ ಆ ಹಂತಕ್ಕೂ ಎಷ್ಟೋ ಮೊದಲೇ ಕೀಲುನೋವು, ಸ್ನಾಯುಗಳ ನಿಶ್ಶಕ್ತಿ, ಹೊಟ್ಟೆಯ ತೊಂದರೆ, ಬಿಡದ ಸುಸ್ತು ಕಾಣಿಸಿಕೊಳ್ಳಬಹುದೆಂದು ವೈದ್ಯರು ಗುರುತಿಸಿದ್ದಾರೆ. ಈ ಲಕ್ಷಣಗಳನ್ನು 1994ರ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದರೆ ಗೊಂದಲ ಎಷ್ಟು ಸುಲಭವೆಂದು ತಿಳಿಯುತ್ತದೆ. ಆದ್ದರಿಂದ ಈ ತಾಲ್ಲೂಕುಗಳಲ್ಲಿ ದಣಿವಿನ ರೋಗಿಗೆ ಕೇಳಬೇಕಾದ ಪ್ರಶ್ನೆಗಳಲ್ಲಿ ನೀರು ಮೊದಲ ಸಾಲಿನಲ್ಲಿರಬೇಕು: ಕುಡಿಯುವುದು ಯಾವ ನೀರು, ಅಡುಗೆಗೆ ಯಾವುದು, ಎಷ್ಟು ವರ್ಷಗಳಿಂದ? ಶುದ್ಧ ನೀರಿನ ಘಟಕದ ಕ್ಯಾನ್ ಕುಡಿಯಲು ಮಾತ್ರ ಬಳಕೆಯಾಗಿ, ಮುದ್ದೆ, ಸಾರು ಬೋರಿನ ನೀರಿನಲ್ಲೇ ಬೇಯುತ್ತಿದ್ದರೆ ಫ್ಲೋರೈಡ್ ಒಳಗೆ ಹೋಗುತ್ತಲೇ ಇರುತ್ತದೆ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ.

ನೀರಿನ ನಂತರ ರಕ್ತ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆಯಿದೆ. ಹೀಗಿರುವಾಗ ಸುಸ್ತಿಗೆ ಬೇರೆ ಕಾರಣ ಏಕೆ ಹುಡುಕಬೇಕು ಎಂದು ಯಾರಾದರೂ ಕೇಳಬಹುದು. ನೆರೆಯ ಗೋವಾದಲ್ಲಿ ವಿಕ್ರಂ ಪಟೇಲ್ ಮತ್ತು ಸಂಗಡಿಗರು ಸುಮಾರು 2,500 ಮಹಿಳೆಯರನ್ನು ಸಂದರ್ಶಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಎಚ್ಚರಿಕೆಯ ಉತ್ತರ ಕೊಡುತ್ತದೆ. ಶೇ. 12ರಷ್ಟು ಮಹಿಳೆಯರಿಗೆ ಆರು ತಿಂಗಳಿಂದ ದಣಿವಿತ್ತು. ಆ ದಣಿವಿಗೆ ಬಡತನ, ಮನೆಯೊಳಗಿನ ತಾರತಮ್ಯ, ಮನಸ್ಸಿನ ಕ್ಲೇಶಗಳೊಡನೆ ನಂಟು ಕಂಡಿತು, ಹಿಮೋಗ್ಲೋಬಿನ್ ಮಟ್ಟದೊಡನೆ ಕಾಣಲಿಲ್ಲ. ರಕ್ತಹೀನತೆ ಸುಸ್ತು ತರುವುದಿಲ್ಲ ಎಂದು ಇದರರ್ಥವಲ್ಲ. ರಕ್ತಹೀನತೆ ಇದೆ ಎಂಬುದೊಂದೇ ಸುಸ್ತಿನ ಪೂರ್ಣ ವಿವರಣೆಯಾಗದು, ಕಬ್ಬಿಣಾಂಶ ಕೊಟ್ಟು ಹಿಮೋಗ್ಲೋಬಿನ್ ಸರಿಹೋದ ಮೇಲೂ ಸುಸ್ತು ಉಳಿದರೆ ಮುಂದೆ ಹುಡುಕಲೇಬೇಕು ಎಂದು ಅರ್ಥ. ಹುಡುಕಬೇಕಾದವು ಯಾವುವು? ಥೈರಾಯ್ಡ್ ಕೊರತೆ, ಸಕ್ಕರೆ ಕಾಯಿಲೆ, ಬಿ12 ಜೀವಸತ್ವದ ಕೊರತೆ, ಕ್ಷಯ, ಮೂತ್ರಪಿಂಡದ ತೊಂದರೆ, ಖಿನ್ನತೆ. ಶಿರಾ, ಪಾವಗಡಗಳಂಥ ಕುರಿ ಸಾಕುವ ಸೀಮೆಯಲ್ಲಿ ಇವುಗಳ ಜೊತೆಗೆ ಬ್ರುಸೆಲ್ಲೋಸಿಸ್ ಸೇರಬೇಕು. ಮರಿ ಹಾಕುವಾಗ ಕೈಯಿಟ್ಟವರಿಗೆ, ಹಸಿ ಹಾಲು ಕುಡಿದವರಿಗೆ ತಗಲುವ ಈ ಸೋಂಕು ಬಂದು ಹೋಗುವ ಜ್ವರ, ರಾತ್ರಿಯ ಬೆವರು, ಸೊಂಟನೋವು, ತಿಂಗಳುಗಟ್ಟಲೆ ನಿಶ್ಶಕ್ತಿಯನ್ನು ತರುತ್ತದೆ. ಸರಿಯಾದ ಔಷಧಿಯನ್ನು ವಾರಗಟ್ಟಲೆ ಬಿಡದೆ ಕೊಟ್ಟರೆ ಗುಣವಾಗುತ್ತದೆ. ಗುಣವಾಗುವ ರೋಗವನ್ನು ಗುಣವಾಗದ ರೋಗದ ಹೆಸರಿನಲ್ಲಿ ಬಿಟ್ಟುಬಿಡುವುದಕ್ಕಿಂತ ದೊಡ್ಡ ತಪ್ಪಿಲ್ಲ.

ಇಷ್ಟೆಲ್ಲ ಪರೀಕ್ಷೆಯಾದ ಮೇಲೆ ಉಳಿಯುವವರು ಇದ್ದಾರೆಯೇ? ಇದ್ದಾರೆಂದು ನಂಬಲು ಬಲವಾದ ಆಧಾರವಿದೆ. ಆಸ್ಟ್ರೇಲಿಯಾದ ಡಬ್ಬೊ ಎಂಬ ಊರಿನ ಸುತ್ತ ಕೃಷಿ ಸೀಮೆಯಲ್ಲಿ 253 ರೋಗಿಗಳನ್ನು ಸೋಂಕು ತಗುಲಿದ ಹೊತ್ತಿನಿಂದಲೇ ಹಿಂಬಾಲಿಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಸೋಂಕುಗಳು ಮೂರು: ಎಪ್‌ಸ್ಟೈನ್-ಬಾರ್ ವೈರಾಣು, ದನಕುರಿಗಳಿಂದ ಬರುವ ಕ್ಯೂ ಜ್ವರ, ಸೊಳ್ಳೆಯಿಂದ ಹರಡುವ ರಾಸ್ ರಿವರ್ ವೈರಾಣು. ಒಂದಕ್ಕೊಂದು ಸಂಬಂಧವಿಲ್ಲದ ಈ ಮೂರರ ನಂತರವೂ ಆರು ತಿಂಗಳ ಹೊತ್ತಿಗೆ ಶೇ. 11ರಷ್ಟು ಮಂದಿ ದಣಿವಿನ ರೋಗದ ಮಾನದಂಡ ತಲುಪಿದ್ದರು. ಯಾರು ಹೀಗೆ ಉಳಿಯುತ್ತಾರೆಂಬುದನ್ನು ಮೊದಲ ಜ್ವರದ ತೀವ್ರತೆ ಸೂಚಿಸಿತೇ ಹೊರತು ಅವರ ಸ್ವಭಾವ, ಹಿಂದಿನ ಮಾನಸಿಕ ಸ್ಥಿತಿಗಳಲ್ಲ. ನಮಗೆ ಇದು ದೂರದ ಸುದ್ದಿಯಲ್ಲ. ರಾಸ್ ರಿವರ್ ವೈರಾಣು ಚಿಕೂನ್‌ಗುನ್ಯಾದ ವೈರಾಣು ಕುಲಕ್ಕೇ ಸೇರಿದ್ದು. 2006ರಲ್ಲಿ ದೇಶದಲ್ಲಿ ಶಂಕಿತ ಚಿಕೂನ್‌ಗುನ್ಯಾ ಪ್ರಕರಣಗಳು ಸುಮಾರು 13.9 ಲಕ್ಷ. ಅವುಗಳಲ್ಲಿ 7.5 ಲಕ್ಷ ಕರ್ನಾಟಕವೊಂದರವೇ. ಅದೇ ಅಲೆಗೆ ಸಿಕ್ಕಿದ ರಿಯೂನಿಯನ್ ದ್ವೀಪದಲ್ಲಿ ವರ್ಷಗಳ ನಂತರವೂ ಕೀಲುನೋವಿನೊಡನೆ ದಣಿವು ಉಳಿದವರನ್ನು ಸಂಶೋಧಕರು ದಾಖಲಿಸಿದ್ದಾರೆ. ಆ ಮೇಲೆ ಕೋವಿಡ್ ಬಂತು. ಅದರ ನಂತರ ಮೂರು ತಿಂಗಳು ಕಳೆದರೂ ಉಳಿಯುವ ತೊಂದರೆಗಳಿಗೆ 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಮಾನದಂಡ ಕೊಟ್ಟಿತು. ಅಂಥವರಲ್ಲಿ ಒಂದು ಪಾಲು ಶ್ರಮದ ನಂತರದ ಕುಸಿತವಿರುವವರು. ಸೋಂಕುಗಳು ಎಲ್ಲ ಊರಿಗೂ ಬಂದ ಮೇಲೆ ಅವುಗಳ ಬಾಲ ಮಾತ್ರ ಶ್ರೀಮಂತ ದೇಶಗಳಲ್ಲಿ ಉಳಿಯಿತೆಂದು ನಂಬಲು ಕಾರಣವಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಇಲ್ಲಿನ ಹೆಂಗಸು ಬೆಳಗಿನ ಜಾವ ಎದ್ದು ನೀರು ಹಿಡಿದು, ಮುದ್ದೆ ಬೇಯಿಸಿ, ಕಳೆ ತೆಗೆದು, ಹುಲ್ಲು ಹೊತ್ತು, ರಾತ್ರಿ ಎಲ್ಲರ ಊಟವಾದ ಮೇಲೆ ಉಣ್ಣುತ್ತಾಳೆ. ಅವಳ ದಣಿವಿಗೆ ರೋಗದ ಹೆಸರಿಟ್ಟರೆ ಅನ್ಯಾಯವನ್ನು ಔಷಧಿಯ ವಿಷಯ ಮಾಡಿದಂತಲ್ಲವೇ? ಹೌದು, ಆ ಅಪಾಯವಿದೆ. ಅದಕ್ಕಾಗಿಯೇ ಎಣಿಕೆಯ ಮಾನದಂಡ ಇಲ್ಲಿಗೆ ಒಗ್ಗುವುದಿಲ್ಲ, ಶ್ರಮದ ನಂತರದ ಕುಸಿತವನ್ನು ಕೇಳುವ ಮಾನದಂಡವೇ ಬೇಕು. ದುಡಿಮೆಯ ದಣಿವು ದುಡಿಮೆಯ ಜೊತೆಗೇ ಏರಿ ವಿಶ್ರಾಂತಿಯಿಂದ ಇಳಿಯುತ್ತದೆ. ಈ ರೋಗದ ದಣಿವು ತಡವಾಗಿ ಬರುತ್ತದೆ, ಮಲಗಿದರೂ ಇಳಿಯುವುದಿಲ್ಲ, ಹಿಂದಿನ ತಾಕತ್ತಿಗೂ ಇಂದಿನದಕ್ಕೂ ನಡುವೆ ಗೆರೆ ಎಳೆದಂತೆ ವ್ಯತ್ಯಾಸ ತೋರಿಸುತ್ತದೆ. ಪ್ರಶ್ನೆಗಳು ಈ ನೆಲದ ಕೆಲಸದ ಭಾಷೆಯಲ್ಲಿರಬೇಕು. ಜ್ವರಕ್ಕೆ ಮುಂಚೆ ದಿನವಿಡೀ ಕಳೆ ತೆಗೆಯುತ್ತಿದ್ದಿರಾ? ಈಗ ಅರ್ಧ ದಿನ ಹೋಗಿ ಬಂದರೆ ಮಾರನೆಯ ದಿನ ಹೇಗಿರುತ್ತದೆ, ಅದರ ಮಾರನೆಯ ದಿನ ಹೇಗೆ? ಹಬ್ಬಕ್ಕೆ ತವರಿಗೆ ಹೋಗಿ ಕೆಲಸವಿಲ್ಲದೆ ಇದ್ದಾಗಲಾದರೂ ಮೈ ಸುಧಾರಿಸಿತೇ? ವಿಶ್ರಾಂತಿಯೇ ಸಿಗದವಳಿಗೆ ಇವುಗಳಲ್ಲಿ ಕೆಲವು ಪ್ರಶ್ನೆಗಳಿಗೆ ಉತ್ತರ ಸಿಗದೆ ಹೋಗಬಹುದು. ಆಗ ಮೊದಲ ಚಿಕಿತ್ಸೆ ವಿಶ್ರಾಂತಿಯೇ, ಮತ್ತು ಅದರ ಫಲ ನೋಡಿಯೇ ರೋಗನಿರ್ಣಯ.

ಎರಡನೆಯ ಆಕ್ಷೇಪ ಮನಸ್ಸಿನದು. ಗೋವಾದ ಅಧ್ಯಯನವೇ ದಣಿವಿಗೂ ಮನಃಕ್ಲೇಶಕ್ಕೂ ನಂಟು ತೋರಿಸಿರುವಾಗ ಇದನ್ನು ಖಿನ್ನತೆಯೆಂದರೆ ಸಾಲದೇ? ಖಿನ್ನತೆಯನ್ನು ಹುಡುಕಿ ಚಿಕಿತ್ಸೆ ಕೊಡಲೇಬೇಕು, ಅದೂ ನಿಜವಾದ ಕಾಯಿಲೆ. ಎರಡನ್ನೂ ಬೇರ್ಪಡಿಸುವ ಗುರುತುಗಳೂ ಇವೆ. ಖಿನ್ನತೆಯಲ್ಲಿ ಮಾಡುವ ಮನಸ್ಸೇ ಕುಂದುತ್ತದೆ, ನಿಧಾನವಾಗಿ ಚಟುವಟಿಕೆ ಹೆಚ್ಚಿಸಿದರೆ ಸಾಮಾನ್ಯವಾಗಿ ಒಳ್ಳೆಯದಾಗುತ್ತದೆ. ಈ ರೋಗದಲ್ಲಿ ಮಾಡುವ ಮನಸ್ಸು ಇರುತ್ತದೆ, ಮಾಡಿದ ಮೇಲೆ ಮೈ ಬೀಳುತ್ತದೆ. ಎರಡು ದಿನ ಸತತವಾಗಿ ಸೈಕಲ್ ತುಳಿಸಿ ಆಮ್ಲಜನಕದ ಬಳಕೆಯನ್ನು ಅಳೆಯುವ ಪರೀಕ್ಷೆಗಳಲ್ಲಿ, ಈ ರೋಗಿಗಳ ಎರಡನೆಯ ದಿನದ ಸಾಮರ್ಥ್ಯ ಮೊದಲ ದಿನದ ಮಟ್ಟವನ್ನು ಮುಟ್ಟುವುದಿಲ್ಲವೆಂದು ಹಲವು ಸಂಶೋಧಕರು ಕಂಡಿದ್ದಾರೆ. ಒಬ್ಬರಲ್ಲೇ ಎರಡೂ ಇರಬಹುದು. ವರ್ಷಗಟ್ಟಲೆ ಹಾಸಿಗೆ ಹಿಡಿದವರಿಗೆ, ಯಾರೂ ನಂಬದವರಿಗೆ ಮನಸ್ಸು ಕುಗ್ಗುವುದು ಸಹಜ. ಒಂದನ್ನು ಒಪ್ಪಿದ ಮಾತ್ರಕ್ಕೆ ಇನ್ನೊಂದನ್ನು ತಳ್ಳಿಹಾಕಬೇಕಿಲ್ಲ.

ಮೂರನೆಯ ಆಕ್ಷೇಪ ವ್ಯವಹಾರದ್ದು: ಔಷಧಿಯೇ ಇಲ್ಲದ ರೋಗಕ್ಕೆ ಹೆಸರಿನಿಂದ ಏನು ಲಾಭ? ರೋಗವನ್ನು ಬೇರುಸಹಿತ ಕೀಳುವ ಔಷಧಿ ಇಂದಿಗೂ ಇಲ್ಲವೆಂಬುದು ನಿಜ. ಆದರೂ ಸರಿಯಾದ ಹೆಸರು ಮೂರು ಕೆಡುಕುಗಳನ್ನು ತಡೆಯುತ್ತದೆ. ಮೈಮುರಿದು ದುಡಿದರೆ ಸರಿಹೋಗುತ್ತದೆ ಎಂಬ ಹಾನಿಕಾರಕ ಸಲಹೆಯನ್ನು ಅದು ನಿಲ್ಲಿಸುತ್ತದೆ. ಇದ್ದಷ್ಟು ಶಕ್ತಿಯ ಮಿತಿಯೊಳಗೆ ಕೆಲಸವನ್ನು ಹಂಚಿಕೊಳ್ಳುವ ಕ್ರಮವನ್ನು ಕಲಿಸಲು ದಾರಿಮಾಡುತ್ತದೆ. ಬಾಟಲಿ ಗ್ಲೂಕೋಸಿಗೂ ಗುರುತಿಲ್ಲದ ಸೂಜಿಗಳಿಗೂ ಸುರಿಯುವ ದುಡ್ಡನ್ನು ಉಳಿಸುತ್ತದೆ. ನಿದ್ದೆ, ನೋವು, ನಿಂತಾಗ ಬರುವ ತಲೆಸುತ್ತು ಇವುಗಳಿಗೆ ಪ್ರತ್ಯೇಕ ಚಿಕಿತ್ಸೆ ಇದ್ದೇ ಇದೆ. ಮನೆಯವರು ನಂಬುವುದೂ ಒಂದು ಚಿಕಿತ್ಸೆಯೇ, ಮತ್ತು ಹೆಸರಿಲ್ಲದ ಕಾಯಿಲೆಯನ್ನು ಮನೆಯವರು ಬಹಳ ಕಾಲ ನಂಬುವುದಿಲ್ಲ.

ಕೊನೆಯ ಆಕ್ಷೇಪವನ್ನು ನಾನು ಎಲ್ಲಕ್ಕಿಂತ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಇಂಥ ಹೊಸ ಹೆಸರು ಬಂದರೆ ನೀರಿನ, ಊಟದ, ಕೂಲಿಯ ಪ್ರಶ್ನೆಗಳು ಹಿಂದೆ ಸರಿಯುವುದಿಲ್ಲವೇ? ಮಾನದಂಡವನ್ನು ಸರಿಯಾದ ಕ್ರಮದಲ್ಲಿ ಬಳಸಿದರೆ ಪರಿಣಾಮ ಇದಕ್ಕೆ ತದ್ವಿರುದ್ಧವಾಗಿರುತ್ತದೆ. ಬೇರೆ ಕಾರಣಗಳನ್ನು ಬದಿಗಿಡದೆ ಈ ರೋಗದ ಹೆಸರು ಬರೆಯುವಂತಿಲ್ಲವಾದ್ದರಿಂದ, ಆ ಹೆಸರಿನವರೆಗೆ ಹೋಗುವ ದಾರಿ ನೀರು, ರಕ್ತ, ಕುರಿ, ಮನಸ್ಸು ಎಲ್ಲವನ್ನೂ ಹಾದೇ ಹೋಗಬೇಕಾಗುತ್ತದೆ. ಅದಕ್ಕೆ ಬೇಕಾದ ಸಲಕರಣೆಗಳಲ್ಲಿ ಹಲವು ಈಗಾಗಲೇ ಊರಿನಲ್ಲಿವೆ. ಜಲಜೀವನ ಮಿಷನ್ ಅಡಿಯಲ್ಲಿ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷಿಸುವ ಕಿಟ್ ಬಳಸಲು ತರಬೇತಿ ಕೊಡುವ ವ್ಯವಸ್ಥೆಯಿದೆ, ಅದರಲ್ಲಿ ಫ್ಲೋರೈಡ್ ಪರೀಕ್ಷೆಯೂ ಸೇರಿದೆ. ಹಿಮೋಗ್ಲೋಬಿನ್ ಪರೀಕ್ಷೆ ಪ್ರಾಥಮಿಕ ಆರೋಗ್ಯ ಕೇಂದ್ರದ ದಿನನಿತ್ಯದ ಕೆಲಸ. ಆದರೆ ನೀರಿನ ಫಲಿತಾಂಶ ಸೇರುವುದು ಒಂದು ಇಲಾಖೆಗೆ, ರೋಗಿಯ ಚೀಟಿ ಇರುವುದು ಇನ್ನೊಂದರಲ್ಲಿ. ಇವೆರಡನ್ನೂ ಒಂದೇ ಹಾಳೆಗೆ ತಂದು, ಮನೆಯ ನೀರಿನ ಫ್ಲೋರೈಡ್ ಎಷ್ಟು, ಹಿಮೋಗ್ಲೋಬಿನ್ ಎಷ್ಟು, ಯಾವ ಜ್ವರದ ನಂತರ ಶುರುವಾಯಿತು, ಶ್ರಮದ ಮಾರನೆಯ ದಿನ ಏನಾಗುತ್ತದೆ ಎಂಬ ನಾಲ್ಕು ಸಾಲುಗಳನ್ನು ಪ್ರತಿ ಸುಸ್ತಿನ ರೋಗಿಗೂ ಬರೆದಿಟ್ಟರೆ, ಈ ನಾಲ್ಕು ತಾಲ್ಲೂಕುಗಳಲ್ಲಿ ಎಷ್ಟು ಸುಸ್ತು ನೀರಿನದು, ಎಷ್ಟು ರಕ್ತದ್ದು, ಎಷ್ಟು ದುಡಿಮೆಯದು, ಎಷ್ಟು ಈ ರೋಗದ್ದು ಎಂಬುದು ಕೆಲವೇ ವರ್ಷಗಳಲ್ಲಿ ತಿಳಿಯುತ್ತದೆ. ಅಮೆರಿಕ, ಬ್ರಿಟನ್ನುಗಳು ಮಾನದಂಡದ ಮೊದಲ ಭಾಗವನ್ನು ತಿದ್ದಿಕೊಳ್ಳಲು 1988ರಿಂದ 2021ರವರೆಗೆ ತೆಗೆದುಕೊಂಡವು, ಆ ನಡುವೆ ತಪ್ಪು ಮಾನದಂಡದ ಬೆಲೆಯನ್ನು ತೆತ್ತವರು ರೋಗಿಗಳು. ಎರಡನೆಯ ಭಾಗವನ್ನು ಬರೆಯಲು ನಾವು ಅಷ್ಟು ಕಾಲ ತೆಗೆದುಕೊಳ್ಳಬೇಕಾಗಿಲ್ಲ. ಅದನ್ನು ಬೇರೆ ಯಾವ ದೇಶವೂ ನಮಗಾಗಿ ಬರೆದುಕೊಡುವುದೂ ಇಲ್ಲ.